ಹಸಿರು ಚೀಟಿಯ ಬೋಣಿಗೆ

ಹೋದ ವಾರ ತಂಗಿಯ ಮನೆಯ ವಾಸ್ತುಶಾಂತಿ ಮುಗಿಸಿಕೊಂಡು ಧಾರವಾಡದಿಂದ ಬರುವಾಗ ಬಸ್ಸು ನನ್ನನ್ನು ಬೆಳ್ಳಂಬೆಳಿಗ್ಗೆ ಪುಣೆಯ ಅಂಚಿನ ಕಾತ್ರಜದಲ್ಲಿ ಇಳಿಸಿ ಹೋಯಿತು. ಮಳೆ ಜಿನುಗುತ್ತಿತ್ತು. ಘಾಟಿನ ಆಚೆಯಿಂದ ಬಂದಿದ್ದ ಒಂದು ಟೆಂಪೋದಿಂದ ಇಬ್ಬರು ಹೆಂಗಸರು ತೊಯ್ದ ಗೋಣಿಚೀಲಗಳನ್ನು ಇಳಿಸಿಕೊಳ್ಳುತ್ತಿದ್ದರು. ಒಂದು ಚೀಲದ ಬಾಯಿ ಬಿಚ್ಚಿಕೊಂಡು ಮೆಂತೆ ಪಲ್ಲೆಯ ಕಟ್ಟುಗಳು ಹೊರಗೆ ಬಂದಿದ್ದವು. ಹಸಿ ಮೆಂತೆ, ಬೇರಿಗಂಟಿದ ಮಣ್ಣು, ನೆನೆದ ಗೋಣಿ, ಈ ಮೂರೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ರಿಕ್ಷಾದವನು "ಕುಠೆ ಜಾಯಚಂ, ಕಾಕೂ?" ಎಂದು ಎರಡು ಸಲ ಕೇಳಿದ. ಮನೆಗೆ ಎನ್ನಬೇಕಾದವಳು ಅವನಿಗೆ ಹಳೆಯ ಬಾಜಾರದ ಮೈದಾನದ ಗುರುತು ಹೇಳಿದೆ.

ಮೈದಾನ ಈಗ ಇಲ್ಲ. ಸುತ್ತ ನೀಲಿ ತಗಡಿನ ಬೇಲಿ, ಒಳಗೆ ಏಳುತ್ತಿರುವ ದೊಡ್ಡ ಕಟ್ಟಡ. ರವಿವಾರದ ರೈತರ ಬಾಜಾರ ರಸ್ತೆಯ ಆ ಬದಿಗೆ ಸರಿದಿದೆ ಎಂದು ರಿಕ್ಷಾದವನೇ ಹೇಳಿದ. ನನಗೆ ಬೇಸರವೇನೂ ಆಗಲಿಲ್ಲ. ಜಾಗ ಹೋದರೆ ಹೋಗಲಿ. ನಾನು ನಿವೃತ್ತಳಾದ ವರ್ಷದ ಮಳೆಗಾಲದಲ್ಲಿ ಅಲ್ಲಿ ನಡೆದದ್ದನ್ನು ಯಾವ ಬಿಲ್ಡರನೂ ಅಗೆದು ಹಾಕಲಾರ.

ನಾನು ಪುಣೆಯ ಒಂದು ಸಣ್ಣ ಸರಕಾರಿ ಹೆರಿಗೆ ದವಾಖಾನೆಯಲ್ಲಿ ಮೂವತ್ತು ವರ್ಷ ರಕ್ತ ತಪಾಸಣೆ ಮಾಡಿದವಳು. ಈ ಊರನ್ನು ನಾನು ನೋಡಿದ್ದೇ ಬೆರಳ ತುದಿಯಿಂದ. ಬಸುರಿಯರು ಬರುತ್ತಾರೆ, ಕೈ ಚಾಚುತ್ತಾರೆ, ಸೂಜಿ ಚುಚ್ಚುತ್ತೇನೆ, ಒಂದು ಹನಿ ತೆಗೆಯುತ್ತೇನೆ. ಮಾತಿನಲ್ಲಿ ಜನ ಏನು ಬೇಕಾದರೂ ಹೇಳುತ್ತಾರೆ, ಎರಡು ಹೊತ್ತು ಉಂಡೆ ಅನ್ನುತ್ತಾರೆ, ಗುಳಿಗೆ ತಪ್ಪದೆ ನುಂಗಿದೆ ಅನ್ನುತ್ತಾರೆ. ಹನಿಗೆ ಸುಳ್ಳು ಬರುವುದಿಲ್ಲ. ಇದರಿಂದಾಗಿ ನನಗೆ ಮಾತಿನ ಮೇಲೆ ನಂಬಿಕೆ ಕಡಿಮೆ, ಬೈಗುಳ ಮಾತ್ರ ಧಾರಾಳ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ನಮ್ಮ ಯಜಮಾನರು ಮದುವೆಯ ಮೂರನೆಯ ದಿನವೇ ಕಂಡುಹಿಡಿದಿದ್ದರು.

ಮೇ ತಿಂಗಳ ಕೊನೆಗೆ ನಿವೃತ್ತಿ ಆಯಿತು. ಶಾಲು, ತೆಂಗಿನಕಾಯಿ, ಗೋಡೆ ಗಡಿಯಾರ, ಎಲ್ಲ ಕೊಟ್ಟು ಮನೆಗೆ ಕಳಿಸಿದರು. ಹದಿನೈದು ದಿನ ಕಳೆಯುವಷ್ಟರಲ್ಲಿ ನಾನು ಮನೆಯ ಡಬ್ಬಿಗಳನ್ನೆಲ್ಲ ಎರಡೆರಡು ಸಲ ತೊಳೆದಿಟ್ಟಿದ್ದೆ. ಆಗ ಬಂದವನು ಚೇತನ್. ಮೈಸೂರಿನ ಕಡೆಯ ಹುಡುಗ, ಇಲ್ಲಿ ಐ.ಟಿ. ಕೆಲಸ, ರಜೆಯ ದಿನ ಒಂದು ಸೇವಾಸಂಸ್ಥೆಗೆ ದುಡಿಯುತ್ತಿದ್ದ. ಅವರದೊಂದು ಹೊಸ ಯೋಜನೆ. ನಮ್ಮ ದವಾಖಾನೆಯಲ್ಲಿ ಹೆಸರು ಬರೆಸಿದ ಬಡ ಬಸುರಿಯರಿಗೆ ವಾರಕ್ಕೊಂದು ಹಸಿರು ಚೀಟಿ ಕೊಡುವುದು. ಅವರು ರವಿವಾರ ರೈತರ ಬಾಜಾರಕ್ಕೆ ಹೋಗಿ ಚೀಟಿ ಕೊಟ್ಟು ಸೊಪ್ಪು, ಕಾಳು, ಶೇಂಗಾ, ನಿಂಬೆಹಣ್ಣು ತಮಗೆ ಬೇಕಾದ ಹಾಗೆ ಆರಿಸಿಕೊಳ್ಳುವುದು. ರೈತರಿಗೆ ಸಂಸ್ಥೆ ವಾರದ ನಡುವೆ ಹಣ ಹಾಕುವುದು.

"ಪ್ಯಾಕೆಟ್ ಮಾಡಿ ಹಂಚೋದು ಬೇಡ ಅಂತ ಮೇಡಂ. ಅವರೇ ಸೆಲೆಕ್ಟ್ ಮಾಡ್ಕೊಳ್ಳಿ, ಎಲ್ಲರ ಥರ," ಅಂದ ಚೇತನ್. "ಆದ್ರೆ ಗುಡ್ಡದ ಕೆಳಗಿನ ಶೆಡ್‌ಗಳಲ್ಲಿ ಇರೋರು ಜಾಸ್ತಿ ನಮ್ಮ ಕರ್ನಾಟಕದವರೇ. ನನ್ನ ಕನ್ನಡ ಅವರಿಗೆ ಅರ್ಥ ಆಗ್ತಿಲ್ಲ, ಅವರದ್ದು ನನಗೆ."

"ನಿಂದು ನನಗೂ ಪೂರ್ತಿ ತಿಳಿಯೂದಿಲ್ಲಪಾ," ಅಂದೆ. "ಬರ್ತೀನಿ ನಡಿ."

ಚೀಟಿ ಪಡೆದ ಹದಿನೆಂಟು ಜನರಲ್ಲಿ ಒಬ್ಬಳು ರೇಣುಕಾ. ಯಾದಗಿರಿ ಕಡೆಯವಳು, ಇಪ್ಪತ್ತಮೂರರ ಹರೆಯ. ಗಂಡ ಮಲ್ಲಪ್ಪ ಕಟ್ಟಡದ ಸೆಂಟ್ರಿಂಗ್ ಕೆಲಸಗಾರ, ಇವಳು ಅದೇ ಸೈಟಿನಲ್ಲಿ ಹೊಸ ಗೋಡೆಗಳಿಗೆ ನೀರು ಹೊಡೆಯುವವಳು. ಆಗ ಅವಳಿಗೆ ಐದು ತಿಂಗಳು. ನಿವೃತ್ತಿಗೆ ಮುಂಚೆ ನಾನು ತೆಗೆದ ಕೊನೆಯ ಹನಿಗಳಲ್ಲಿ ಅವಳದೂ ಒಂದು. ಹಿಮೋಗ್ಲೋಬಿನ್ ಏಳೂವರೆ ಬಂದಿತ್ತು. ಕಣ್ಣಿನ ಒಳರೆಪ್ಪೆ ಸುಣ್ಣದ ಗೋಡೆಯಷ್ಟು ಬಿಳಿ. ಡಾಕ್ಟರ್‌ಬಾಯಿ ಸ್ಪಷ್ಟವಾಗಿ ಹೇಳಿದ್ದರು: "ಒಂಬತ್ತನೇ ತಿಂಗಳಿಗೆ ಹತ್ತಕ್ಕೆ ಬಂದರೆ ಹೆರಿಗೆ ಇಲ್ಲೇ. ಬರದಿದ್ದರೆ ದೊಡ್ಡ ದವಾಖಾನೆಗೆ ಮುಂದೆ ಕಳಿಸಲೇಬೇಕು. ನಮ್ಮಲ್ಲಿ ರಕ್ತ ಏರಿಸುವ ವ್ಯವಸ್ಥೆ ಇಲ್ಲ."

ಅದು ಸರಿಯಾದ ಮಾತೇ. ಆದರೆ 'ಮುಂದೆ ಕಳಿಸುವುದು' ಎಂಬ ಮಾತು ಕೇಳಿದ ಕೂಡಲೇ ರೇಣುಕಾ ಕುರ್ಚಿಯಿಂದ ಎದ್ದು ನಿಂತಿದ್ದಳು. ಕಾರಣ ಆಮೇಲೆ ತಿಳಿಯಿತು. ಎರಡು ವರ್ಷದ ಹಿಂದೆ ಊರ ಕಡೆ ಚೊಚ್ಚಲ ಹೆರಿಗೆ. ಮೈಯಲ್ಲಿ ರಕ್ತ ಇಲ್ಲವೆಂದು ಒಂದು ಕಡೆ ಮುಂದೆ ಕಳಿಸಿದರು. ಅಲ್ಲಿಂದ ಇನ್ನೂ ಮುಂದೆ ಕಳಿಸಿದರು. ಮೂರನೆಯ ಊರು ಮುಟ್ಟುವ ಮುಂಚೆ ಜೀಪಿನಲ್ಲೇ ಹೆತ್ತಳು. ಕೂಸು ಅತ್ತ ದನಿಯನ್ನೂ ಅವಳು ಕೇಳಲಿಲ್ಲ.

"ಅಕ್ಕಾರ, ಮತ್ತ ಮುಂದ ಕಳಿಸ್ತೀವಂದ್ರ ನಾ ಹೋಗಂಗಿಲ್ರಿ," ಅಂದಿದ್ದಳು ನನಗೆ. "ಶೆಡ್ಡಿನ್ಯಾಗ ಹಡೀತೀನಿ. ಏನಾದ್ರೂ ಅಲ್ಲೇ ಆಗ್ಲಿ."

ಅಷ್ಟು ಕಡಿಮೆ ರಕ್ತ ಇಟ್ಟುಕೊಂಡು ತಗಡಿನ ಶೆಡ್ಡಿನಲ್ಲಿ ಹೆತ್ತರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಮೂವತ್ತು ವರ್ಷದಲ್ಲಿ ಅಂಥ ಮೂರು ಹೆಣಗಳನ್ನು ನಾನು ನೋಡಿದ್ದೇನೆ. ಹೇಗಾದರೂ ಮಾಡಿ ಇವಳನ್ನು ಹತ್ತಕ್ಕೆ ತರಬೇಕು ಎಂದು ಅವತ್ತೇ ಹಟ ಹಿಡಿದೆ.

ಬಾಜಾರ ಬೆಳಿಗ್ಗೆ ಏಳಕ್ಕೆ ಶುರು. ಸೊಸಾಯಟಿಗಳ, ಅಂದರೆ ಅಪಾರ್ಟ್‌ಮೆಂಟುಗಳ, ಹೆಂಗಸರು ವಾಕಿಂಗ್ ಮುಗಿಸಿ ಬರುವುದು ಎಂಟರ ಸುಮಾರಿಗೆ. ಬಂದರೆಂದರೆ ಎಳೆಯ ಸೊಪ್ಪು ಒಂದೂ ಉಳಿಯುವುದಿಲ್ಲ, ನಾನೂ ಅವರಲ್ಲೊಬ್ಬಳು. ಹಾಗಾಗಿ ನಾನೇ ಚೇತನನಿಗೆ ಹೇಳಿದೆ, ಏಳರಿಂದ ಏಳೂವರೆ ಹಸಿರು ಚೀಟಿಯವರಿಗೇ ಮೀಸಲಿಡು, ತಾಜಾ ಮಾಲು ಮೊದಲು ಅವರ ಚೀಲಕ್ಕೆ ಹೋಗಲಿ. ಎಂಟಕ್ಕೆ ಸೈಟಿನಲ್ಲಿ ಹಾಜರಿ, ಅವರಿಗೂ ಅನುಕೂಲ. ಚೇತನ್ "ಸೂಪರ್ ಐಡಿಯಾ ಮೇಡಂ" ಅಂದು ಚೀಟಿಯ ಮೇಲೆಯೇ ಸಮಯ ಅಚ್ಚು ಹಾಕಿಸಿದ. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. ಇಂಥ ಜಾಣತನ ಮಾಡಿದಾಗ ಮನುಷ್ಯ ಎರಡು ದಿನ ಅಲ್ಲೇ ನಿಂತು ನೋಡಬೇಕು. ಮೊದಲ ರವಿವಾರ ಉದ್ಘಾಟನೆ, ಫೋಟೋ, ಭಾಷಣ ಎಂದು ಹೊತ್ತು ಹೋಯಿತು. ಆಮೇಲೆ ನನಗೆ ಮಳೆಯಲ್ಲಿ ಶೀತ ಕೆಮ್ಮು, ಮೂರು ವಾರ ಹೋಗಲೇ ಇಲ್ಲ.

ಜುಲೈ ಎರಡನೆಯ ವಾರ ತಪಾಸಣೆ. ನನ್ನ ಜಾಗಕ್ಕೆ ಬಂದ ಹುಡುಗಿ ರೇಣುಕಾಳ ಹನಿ ತೆಗೆದಳು. ಏಳು ಪಾಯಿಂಟ್ ಎರಡು. ಏರುವುದಿರಲಿ, ಇಳಿದಿತ್ತು. ಜೊತೆಗೆ ಚೇತನನ ಫೋನು: "ಚೀಟಿ ಯಾರೂ ಯೂಸ್ ಮಾಡ್ತಿಲ್ಲ ಮೇಡಂ. ಹದಿನೆಂಟರಲ್ಲಿ ಮೂರೋ ನಾಲ್ಕೋ ವಾಪಸ್ ಬರ್ತಿವೆ ಅಷ್ಟೇ. ಅವರಿಗೆ ಇಂಟರೆಸ್ಟ್ ಇಲ್ಲ ಅಂತ ಆಫೀಸ್‌ನಲ್ಲಿ ಮಾತು. ಹೀಗೇ ಆದ್ರೆ ನಿಲ್ಲಿಸಿಬಿಡ್ತಾರೆ."

ನನ್ನ ತಲೆ ಕೆಟ್ಟಿತು. ದವಾಖಾನೆಯ ಬಾಗಿಲಲ್ಲೇ ರೇಣುಕಾಳನ್ನು ನಿಲ್ಲಿಸಿಕೊಂಡೆ.

"ಚೀಟಿ ಎಲ್ಲಿ ಹಾಕ್ದಿ? ಯಾರಿಗೆ ಮಾರ್ಕೊಂಡಿ? ಪುಕ್ಕಟೆ ಪಲ್ಲೆ ಕೊಟ್ರ ತರಲಿಕ್ಕೆ ಬ್ಯಾಸರಾ ನಿನಗ?"

ಅವಳು ತಲೆ ತಗ್ಗಿಸಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ನಾಲ್ಕು ಹಸಿರು ಚೀಟಿಗಳು, ಮಡಿಕೆಯೂ ಕೆಡದ ಹಾಗೆ. ಮಾರಿರಲಿಲ್ಲ. ಬಳಸಿರಲೂ ಇಲ್ಲ. ಯಾಕೆ ಎಂದು ಕೇಳಿದರೆ "ಆಗ್ಲಿಲ್ರಿ" ಅಷ್ಟೇ. ಸುತ್ತ ನಾಲ್ಕು ಜನ ನೋಡುತ್ತಿದ್ದರು. ನನಗೂ ಅಲ್ಲಿಗೆ ನಿಲ್ಲಿಸುವ ಬುದ್ಧಿ ಬರಲಿಲ್ಲ, ಇನ್ನೂ ನಾಲ್ಕು ಮಾತು ಅಂದೆ. ಅವತ್ತಿನ ಆ ಮಾತುಗಳನ್ನು ಈಗ ನೆನೆದರೂ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ರವಿವಾರ ಏಳಕ್ಕೆ ಐದು ನಿಮಿಷವಿರುವಾಗ ಛತ್ರಿ ಹಿಡಿದು ಮೈದಾನದ ಮೂಲೆಯ ಚಹಾದ ಗಾಡಿಯ ಪಕ್ಕ ನಿಂತೆ. ಸಣ್ಣ ಮಳೆ. ಹನ್ನೊಂದು ಜನ ರೈತರು ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಾಲು ಹರಡಿದ್ದರು. ಮೊದಲ ಸಾಲಿನಲ್ಲಿ ತಾನುಬಾಯಿ. ಅರವತ್ತರ ಮುದುಕಿ, ಘಾಟಿನ ಆಚೆಯ ಹಳ್ಳಿಯವಳು, ಸೊಪ್ಪಿಗೆ ಅವಳನ್ನು ಬಿಟ್ಟರೆ ಇಲ್ಲ. ಎಲ್ಲರೂ ಅವಳನ್ನು ಮಾವಶಿ, ಚಿಕ್ಕಮ್ಮ, ಎನ್ನುತ್ತಿದ್ದರು. ಬರೋಬ್ಬರಿ ಏಳಕ್ಕೆ ಬಸುರಿಯರು ಬಂದರು. ರೇಣುಕಾ ತಾನುಬಾಯಿಯ ಮುಂದೆ ಹೋಗಿ ನಿಂತಳು. ಮೆಂತೆಯನ್ನು ಮುಟ್ಟಲಿಲ್ಲ. ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಥಾಂಬ ಗ ಬಾಯೀ," ಅಂದಳು ತಾನುಬಾಯಿ, ದನಿಯಲ್ಲಿ ಕೋಪವೇನೂ ಇಲ್ಲದೆ. "ಬೋಹಣೀ ಹೋವೂ ದೇ."

ತಡೆಯವ್ವಾ, ಬೋಣಿಗೆ ಆಗಲಿ.

ನಾನು ನಿಂತಲ್ಲೇ ಹಣೆ ಬಡಿದುಕೊಂಡೆ. ದಿನದ ಮೊದಲ ವ್ಯಾಪಾರ ನಗದು ಆಗಬೇಕು, ಆ ಹಣವನ್ನು ಕಣ್ಣಿಗೊತ್ತಿಕೊಂಡು ತಕ್ಕಡಿಗೆ ಮುಟ್ಟಿಸಬೇಕು, ಆಮೇಲೆ ಮಿಕ್ಕದ್ದು. ಧಾರವಾಡದ ಸೂಪರ್ ಮಾರ್ಕೆಟ್ ಎಂಬ ಕಾಯಿಪಲ್ಲೆ ಸಂತೆಯಲ್ಲಿ ಅವ್ವನ ಸೆರಗು ಹಿಡಿದು ತಿರುಗಿದ ನಾನು ಇದನ್ನು ಮರೆತದ್ದು ಹೇಗೆ! ಬೋಣಿಗೆಗೆ ಮುಂಚೆ ಉದ್ರಿ ಕೇಳಿದರೆ ಯಾವ ಕಾಯಿಪಲ್ಲೆಯವಳೂ ಮುಖ ನೋಡುವುದಿಲ್ಲ. ನಾನು ಈ ಹೆಂಗಸರನ್ನು, ಕೈಯಲ್ಲಿ ಕಾಗದ ಕೊಟ್ಟು, ಬೋಣಿಗೆಯ ಹೊತ್ತಿಗೇ ಹೋಗಿ ನಿಲ್ಲಿರೆಂದು ಅಚ್ಚು ಹಾಕಿಸಿ ಕಳಿಸಿದ್ದೆ. ನಗದು ಗಿರಾಕಿಗಳು ಬರುವುದು ಎಂಟಕ್ಕೆ. ಇವರ ಸಮಯ ಮುಗಿಯುವುದು ಏಳೂವರೆಗೆ. ಅಪರೂಪಕ್ಕೆ ಯಾರಾದರೂ ಬೇಗ ಬಂದು ಕೊಂಡರೆ ಆ ಒಂದು ಅಂಗಡಿಯಲ್ಲಿ ಮೂರೋ ನಾಲ್ಕೋ ಚೀಟಿ ನಡೆಯುತ್ತಿದ್ದವು. ಉಳಿದವರು ಅರ್ಧ ಗಂಟೆ ಮಳೆಯಲ್ಲಿ ನಿಂತು, ಖಾಲಿ ಚೀಲ ಮಡಚಿಕೊಂಡು ಸೈಟಿಗೆ ಓಡುತ್ತಿದ್ದರು.

ರೇಣುಕಾ ತಿರುಗಿ ಹೊರಟಾಗ ಅಡ್ಡ ಹೋಗಿ ನಿಂತೆ. "ಇದನ್ನ ನನಗ ಯಾಕ ಹೇಳ್ಲಿಲ್ಲ ನೀ?"

"ಏನ್ ಹೇಳ್ಲಿರಿ ಅಕ್ಕಾರ? ನಮ್ಮವ್ವನೂ ಸಂತ್ಯಾಗ ಬದನಿಕಾಯಿ ಮಾರಾಕಿ. ಬೋಣಿಗಿ ಮುಂದ ಆಕಿನೂ ಹಂಗ ಅಂತಿದ್ಲು. ಮಾವಶೀದು ತಪ್ಪಿಲ್ರಿ. ಮುದುಕೀದು ದಿನ ಕೆಡಬಾರ್ದು."

ಎಂಥ ಹುಡುಗಿ ನೋಡಿ. ಮೈಯಲ್ಲಿ ರಕ್ತವಿಲ್ಲ, ಹೊಟ್ಟೆಯಲ್ಲಿ ಕೂಸು, ಕೈಯಲ್ಲಿ ಹಕ್ಕಿನ ಚೀಟಿ. ಆದರೂ ಗುರುತಿಲ್ಲದ ಮುದುಕಿಯ ದಿನ ಕೆಡಬಾರದೆಂದು ನಾಲ್ಕು ವಾರ ಸುಮ್ಮನೆ ನಿಂತು ಬಂದಿದ್ದಳು. ಇವಳಿಗೆ ನಾನು ಚೀಟಿ ಮಾರಿಕೊಂಡೆಯಾ ಅಂದಿದ್ದೆ. "ನಂದು ತಪ್ಪಾತವ್ವಾ," ಅಂದೆ. ನಾನು ಆ ಮಾತು ಹೇಳುವುದು ಅಪರೂಪ. ನಮ್ಮ ಯಜಮಾನರು ಇನ್ನೂ ಕಾಯುತ್ತಿದ್ದಾರೆ.

ಚೇತನನಿಗೆ ಫೋನು ಮಾಡಿದರೆ ಅವನು ಅರ್ಥವಾಗದೆ ಮೂರು ಸಲ ಕೇಳಿದ. ಅವನ ಉಪಾಯ ಸರಳವಾಗಿತ್ತು. "ರೂಲ್ ಮಾಡೋಣ ಮೇಡಂ. ಚೀಟಿ ತಗೊಳ್ಳದ ರೈತರಿಗೆ ಸ್ಟಾಲ್ ಇಲ್ಲ ಅಂತ."

"ಹುಚ್ಚಪ್ಪಾ, ರೂಲಿಗೆ ಅಂಜಿ ಕೊಟ್ಟ ಪಲ್ಲೆ ಆಕಿ ಮೈಗೆ ಹತ್ತತದೇನು? ನಾ ನೋಡ್ಕೋತೀನಿ, ಇರು."

ನಾನು ನೋಡಿಕೊಂಡದ್ದು ಹೀಗೆ. ಮುಂದಿನ ರವಿವಾರ ಆರೂವರೆಗೇ ಹೋಗಿ ಹನ್ನೊಂದು ಅಂಗಡಿಯಲ್ಲೂ ನಗದು ಕೊಟ್ಟು ಒಂದೊಂದು ಸಾಮಾನು ಕೊಂಡೆ. ಎಲ್ಲರ ಬೋಣಿಗೆಯೂ ನನ್ನ ಕೈಯಿಂದಲೇ ಆಯಿತು. ಏಳಕ್ಕೆ ಬಂದ ಹೆಂಗಸರಿಗೆ ಯಾರೂ ಇಲ್ಲವೆನ್ನಲಿಲ್ಲ, ಹದಿನೆಂಟು ಚೀಲವೂ ತುಂಬಿದವು. ನಾನು ಮಾತ್ರ ಎರಡು ಸೋರೆಕಾಯಿ, ಒಂದು ಕುಂಬಳ, ರಾಶಿ ಹಸಿಮೆಣಸು ಹೊತ್ತು ಮನೆಗೆ ಬಂದೆ. ಯಜಮಾನರು ಬಾಗಿಲಲ್ಲೇ "ಮದುವಿ ಊಟ ಯಾರ ಮನ್ಯಾಗ?" ಅಂದರು. ನಾನು ಅವರಿಗೆ ವಾರವಿಡೀ ಸೋರೆಕಾಯಿ ಉಣಿಸಿದೆ.

ಗೆದ್ದೆ ಅಂದುಕೊಂಡಿದ್ದೆ. ಆದರೆ ಬುಧವಾರ ಗುಳಿಗೆ ಕೊಡಲು ಶೆಡ್ಡಿನ ಕಡೆ ಹೋದಾಗ ರೇಣುಕಾಳ ಮುಖ ಬಿಗಿದಿತ್ತು. ಒಲೆಯ ಮೇಲೆ ಮೆಂತೆ ಬೇಳೆ ಕುದಿಯುತ್ತಿತ್ತು. ನನಗೆ ಕೂಡಲು ಬಕೆಟ್ ಬೋರಲು ಹಾಕಿ ಕೊಟ್ಟಳು. ಒಲೆಯ ಉರಿ ಸಣ್ಣ ಮಾಡಿ ಕೇಳಿದಳು.

"ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರಿ? ಸಿಟ್ ಆಗಬ್ಯಾಡ್ರಿ."

"ಕೇಳು."

"ನಾ ಬರೂಕಿಂತ ಮೊದ್ಲು ನೀವ್ ಹೋಗಿ ಹನ್ನೊಂದ್ ಕಡಿ ಬೋಣಿಗಿ ಮಾಡಿದ್ರಿ. ನನ್ ಕೈ ತಾಗೂಕಿಂತ ಮೊದ್ಲು ದೋಷಾ ತೊಳೆದಿಟ್ಟಂಗ ಆತಲ್ರಿ. ಬಸುರಿ ಹೆಣ್ಮಗಳ ಕೈ ಏನ್ ಕೆಟ್ಟದೇನ್ರಿ?"

ನಾನು ಇಲ್ಲಿಯವರೆಗೆ ಅವಳ ಚೀಲ ನೋಡಿದ್ದೆ, ರಕ್ತ ನೋಡಿದ್ದೆ. ಅವಳಿಗೆ ಆ ಚೀಲದ ಜೊತೆಗೆ ಇನ್ನೂ ಒಂದು ಬೇಕಾಗಿತ್ತು. ಎಲ್ಲರಂತೆ ಹೋಗಿ, ಮೊದಲು ಬಂದವಳಾಗಿ, ಮೊದಲ ಗಿರಾಕಿ ಅನ್ನಿಸಿಕೊಳ್ಳಬೇಕಾಗಿತ್ತು. "ಬರೂ ಐತ್ವಾರ ನೀವ್ ಮುಂಚೆ ಬರಬ್ಯಾಡ್ರಿ," ಅಂದಳು. "ನಾ ಏನರ ಮಾಡ್ತೀನಿ."

ಏನು ಮಾಡುತ್ತಾಳೋ ಎಂದು ನಾನು ಮೂರು ದಿನ ಚಡಪಡಿಸಿದೆ. ರವಿವಾರ ಮತ್ತೆ ಚಹಾದ ಗಾಡಿಯ ಪಕ್ಕವೇ ನಿಂತೆ. ಅವತ್ತು ಚೇತನನೂ ಬಂದಿದ್ದ. ಮಳೆ ಜೋರಾಗಿತ್ತು. ರೇಣುಕಾ ನೇರ ತಾನುಬಾಯಿಯ ಮುಂದೆ ಬಂದಳು. ಸೆರಗಿನ ಗಂಟು ಬಿಚ್ಚಿ ಹಸಿರು ಚೀಟಿ ತೆಗೆದು ಅಂಗೈ ಮೇಲೆ ಹರಡಿದಳು. ಆಮೇಲೆ ಅದರ ಮೇಲೆ ತನ್ನದೇ ಒಂದು ರೂಪಾಯಿಯ ನಾಣ್ಯ ಇಟ್ಟಳು. ಎರಡೂ ಕೈಯಿಂದ ಮುಂದೆ ಹಿಡಿದಳು, ಮದುವೆಮನೆಯಲ್ಲಿ ಆಯೇರಿ ಕೊಡುವಾಗ ಹಿಡಿಯುತ್ತೇವಲ್ಲ, ಹಾಗೆ.

ಆಯೇರಿಗೆ ಐವತ್ತು ಕೊಟ್ಟರೂ ನೂರು ಕೊಟ್ಟರೂ ಮೇಲೊಂದು ರೂಪಾಯಿ ಇಡದಿದ್ದರೆ ನಮ್ಮಲ್ಲೂ ನಡೆಯುವುದಿಲ್ಲ, ಮರಾಠಿಯವರಲ್ಲೂ ನಡೆಯುವುದಿಲ್ಲ. ಆ ಒಂದು ರೂಪಾಯಿಯಿಂದಲೇ ಅದು ಶುಭ. ಇದನ್ನು ತಾನುಬಾಯಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮುದುಕಿ ನಾಣ್ಯ ನೋಡಿದಳು, ಚೀಟಿ ನೋಡಿದಳು, ಮಳೆಯಲ್ಲಿ ತೊಯ್ದು ನಿಂತ ಹುಡುಗಿಯ ಹೊಟ್ಟೆ ನೋಡಿದಳು.

"ಪೋಟುಶೀಚಾ ಹಾತ ಆಹೇ," ಅಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಬಸುರಿಯ ಕೈ ಇದು.

ಚೀಟಿ ಮತ್ತು ನಾಣ್ಯ ಎರಡನ್ನೂ ಒಟ್ಟಿಗೆ ಹಿಡಿದು ಹಣೆಗೊತ್ತಿಕೊಂಡಳು. ತಕ್ಕಡಿಗೆ ಮುಟ್ಟಿಸಿದಳು. ಆಮೇಲೆ ರೇಣುಕಾಳ ಚೀಲ ತಾನೇ ಎಳೆದುಕೊಂಡು ಮೆಂತೆ, ರಾಜಗಿರಿ, ಪಾಲಕ್ ತುಂಬಿ, ಕೊಸರು ಎಂದು ಹಿಡಿ ಕೊತ್ತಂಬರಿಯನ್ನೂ ತುರುಕಿದಳು. ಹಿಂದಿನಿಂದ ಉಳಿದ ಹೆಂಗಸರೆಲ್ಲ ತಮ್ಮ ತಮ್ಮ ಗಂಟು ಬಿಚ್ಚಿ ರೂಪಾಯಿ ಹುಡುಕತೊಡಗಿದರು. ಒಬ್ಬಳಿಗೆ ಇರಲಿಲ್ಲ, ಪಕ್ಕದವಳು ಕೊಟ್ಟಳು. ಚೇತನ್ "ಮೇಡಂ, ಇದನ್ನ ನಾವ್ಯಾಕೆ ಯೋಚನೆ ಮಾಡ್ಲಿಲ್ಲ?" ಅಂದ. ಮಳೆ ಇದ್ದದ್ದು ಒಳ್ಳೆಯದಾಯಿತು. ನನ್ನ ಕಣ್ಣಲ್ಲಿ ಏನಿದೆಯೆಂದು ಅವನಿಗೆ ತಿಳಿಯಲಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಪ್ರಶಸ್ತಿಪತ್ರ ಕೈಗೆ ಬಂದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ, ಅದೂ ನಾನು ಮಾಡದೇ ಇದ್ದ ಕೆಲಸಕ್ಕೆ.

ಅವತ್ತು ಘಾಟಿನಲ್ಲಿ ಮಣ್ಣು ಕುಸಿದು ಬೇರೆ ಕಡೆಯ ಕಾಯಿಪಲ್ಲೆಯ ಗಾಡಿಗಳು ಊರಿಗೆ ಬರಲಿಲ್ಲ. ನಮ್ಮ ರೈತರು ನಸುಕಿಗೂ ಮುಂಚೆಯೇ ದಾಟಿ ಬಂದಿದ್ದರು. ಒಂಬತ್ತೂವರೆಗೆ ತಾನುಬಾಯಿಯ ಮುಂದೆ ಖಾಲಿ ಗೋಣಿ ಮಾತ್ರ ಉಳಿದಿತ್ತು. ಕಾರಣ ಘಾಟೋ ಏನೋ, ಮುದುಕಿ ಮಾತ್ರ ಎಲ್ಲರಿಗೂ ಒಂದೇ ಮಾತು ಹೇಳಿದಳು, ಬಸುರಿಯ ಕೈಯ ಬೋಣಿಗೆ. ಸುದ್ದಿ ಹಬ್ಬಲು ಮತ್ತೇನು ಬೇಕು? ಶ್ರಾವಣ ಬರುವ ಹೊತ್ತಿಗೆ ಬಾಜಾರದ ರೀತಿಯೇ ಬದಲಾಗಿತ್ತು. ಏಳಕ್ಕೆ ಮುಂಚೆಯೇ ರೈತರು ದಾರಿ ನೋಡುತ್ತಿದ್ದರು. "ಇಕಡೆ ಯೇ ಗ, ಪಹಿಲಂ ಇಕಡೆ," ಈ ಕಡೆ ಬಾ, ಮೊದಲು ಈ ಕಡೆ, ಎಂದು ಕಾಳಿನವನು ಒಂದು ಬದಿಯಿಂದ, ನಿಂಬೆಯವಳು ಇನ್ನೊಂದು ಬದಿಯಿಂದ ಕೂಗುತ್ತಿದ್ದರು. ಒಮ್ಮೆ ಅವರಿಬ್ಬರಿಗೂ ಜಗಳವೇ ಹತ್ತಿತು. ಸೊಸಾಯಟಿಯ ಹೆಂಗಸೊಬ್ಬಳು ಬೇಗ ಬಂದು ನೋಟು ಚಾಚಿದರೆ ಕಾಳಿನವನು "ಥಾಂಬಾ ಮ್ಯಾಡಮ್" ಎಂದು ಅವಳನ್ನೇ ನಿಲ್ಲಿಸಿದ. ನಾನು ಚಹಾದ ಗಾಡಿಯ ಪಕ್ಕ ನಿಂತು ಹೊಟ್ಟೆ ಹಿಡಿದು ನಕ್ಕೆ.

ಎಲ್ಲ ಸೊಪ್ಪಿನದೇ ಪುಣ್ಯ ಎನ್ನಲು ನಾನು ಹುಚ್ಚಿಯಲ್ಲ. ದವಾಖಾನೆಯ ಗುಳಿಗೆ ಇತ್ತು. ಡಾಕ್ಟರ್‌ಬಾಯಿ ಎರಡು ಸಲ ಕಬ್ಬಿಣದ ಸಲೈನ್ ಕೂಡ ಏರಿಸಿದರು. ಗುಳಿಗೆಯ ವಿಷಯದಲ್ಲೂ ಒಂದು ಕಳ್ಳತನ ಹಿಡಿದೆ. ರೇಣುಕಾ ಅದನ್ನು ಬೆಳಗಿನ ಚಹಾದ ಜೊತೆ ನುಂಗುತ್ತಿದ್ದಳು, ಚಹಾ ಕುಡಿದರೆ ಗುಳಿಗೆ ಮೈಗೆ ಹತ್ತುವುದಿಲ್ಲ. "ಚಹಾ ಬಿಡು, ನಿಂಬಿಹಣ್ಣಿನ ನೀರಾಗ ನುಂಗು" ಅಂದರೆ "ಗಂಡನ್ನ ಬಿಡಂದ್ರ ಬಿಟ್ಟೇನು. ಚಹಾ ಹೆಂಗ ಬಿಡ್ಲಿರಿ?" ಅಂದಳು. ಪಕ್ಕದಲ್ಲಿ ಕೂತಿದ್ದ ಮಲ್ಲಪ್ಪ ಪಾಪ ನಗಬೇಕೋ ಅಳಬೇಕೋ ತಿಳಿಯದೆ ಬೀಡಿ ಹುಡುಕಿದ. ಕೊನೆಗೆ ಗುಳಿಗೆಗೂ ಚಹಾಕ್ಕೂ ನಡುವೆ ಎರಡು ತಾಸು ಬಿಡುವುದೆಂದು ರಾಜಿ ಆಯಿತು. ರಾಜಗಿರಿ ಪಲ್ಲೆ, ಮಟಕಿ ಕಾಳಿನ ಉಸುಳಿ, ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಮೇಲೆ ಬೆಲ್ಲದ ಚೂರು. ಆಗಸ್ಟಿನಲ್ಲಿ ಎಂಟೂವರೆ. ಸೆಪ್ಟೆಂಬರ್ ಶುರುವಿಗೆ ಒಂಬತ್ತು ಪಾಯಿಂಟ್ ಮೂರು. ಚೇತನ್ ಹೇಳಿದ, ಆಫೀಸಿನಲ್ಲಿ ಈಗ ನಿಲ್ಲಿಸುವ ಮಾತು ಯಾರೂ ಎತ್ತುತ್ತಿಲ್ಲವಂತೆ.

ಸೆಪ್ಟೆಂಬರ್ ಕೊನೆಗೆ ಒಂಬತ್ತನೆಯ ತಿಂಗಳ ತಪಾಸಣೆ. ಅವತ್ತು ನಾನು ಹೊಸ ಹುಡುಗಿಯನ್ನು ಕೈಮುಗಿದು ಕೇಳಿದೆ, ಈ ಒಂದು ಹನಿ ನಾನು ತೆಗೆಯುತ್ತೇನೆ. ಅವಳು ನಕ್ಕು ಕುರ್ಚಿ ಬಿಟ್ಟುಕೊಟ್ಟಳು. ರೇಣುಕಾಳ ಬೆರಳು ಒರೆಸಿ ಸೂಜಿ ಚುಚ್ಚಿದೆ. ಹನಿ ಹೊರಬಂದ ಕೂಡಲೇ ನನಗೆ ಗೊತ್ತಾಯಿತು, ಬಣ್ಣ ತುಂಬಿಕೊಂಡು ಗುಂಡಗೆ ನಿಂತಿತ್ತು. ಯಂತ್ರ ಹತ್ತು ಪಾಯಿಂಟ್ ನಾಲ್ಕು ತೋರಿಸಿತು. ನನಗೆ ನಂಬಿಕೆ ಸಾಲದೆ ಇನ್ನೊಮ್ಮೆ ಮಾಡಿದೆ, ಅಷ್ಟೇ ಬಂತು. ಡಾಕ್ಟರ್‌ಬಾಯಿ ಕಾರ್ಡಿನ ಮೇಲೆ ಬರೆದು ರೇಣುಕಾಳ ಬೆನ್ನು ತಟ್ಟಿದರು. "ಇಥೇಚ ಯಾಯಚಂ," ಅಂದರು. ಇಲ್ಲಿಗೇ ಬರಬೇಕು.

ದಸರೆಯ ಮುಂದಿನ ಶನಿವಾರ ಮಧ್ಯಾಹ್ನ ಮಲ್ಲಪ್ಪ ಫೋನು ಮಾಡಿದ. ನಾನು ಹೋಗುವಷ್ಟರಲ್ಲಿ ರೇಣುಕಾ ಹೆರಿಗೆ ಕೋಣೆಯೊಳಗಿದ್ದಳು. ಹೊರಗಿನ ಬೆಂಚಿನ ಮೇಲೆ ಮಲ್ಲಪ್ಪ, ನಾನು. ಅವನು ಪ್ರತಿ ಸಲ ಬಾಗಿಲು ತೆರೆದಾಗಲೂ ಎದ್ದು ನಿಲ್ಲುತ್ತಿದ್ದ. ಹೊರಗೆ ಬಂದ ನರ್ಸು ಗಾಡಿ ತರಿಸಿ, ಮುಂದೆ ಒಯ್ಯಿರಿ ಅನ್ನುತ್ತಾಳೆಂದು ಅವನ ಭಯ. ನನಗೂ ಅದೇ ಭಯವಿತ್ತು, ಆದರೆ ನಾನು ಅವನಿಗೆ "ಸುಮ್ಮ ಕೂಡ್ರಪಾ" ಎಂದು ಗದರಿಸುತ್ತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಕೂಸು ಅತ್ತ ದನಿ ಕೇಳಿತು. ದನಿ ಎಂದರೆ ದನಿ, ಇಡೀ ಕಾರಿಡಾರು ತಿರುಗಿ ನೋಡುವಂಥದ್ದು. ಹೆಣ್ಣು ಕೂಸು. ಮಲ್ಲಪ್ಪ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ.

ಮರುದಿನ ರವಿವಾರ. ಬಾಜಾರದಲ್ಲಿ ಸುದ್ದಿ ಹೇಳಿ, ತಾನುಬಾಯಿ ಕಣ್ಣೊರೆಸಿಕೊಳ್ಳುವುದನ್ನು ನೋಡಿ, ದವಾಖಾನೆಗೆ ಹೋದೆ. ರೇಣುಕಾ ದಿಂಬಿಗೆ ಒರಗಿ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಪಕ್ಕದ ಮಂಚದ ಬಾಣಂತಿ, ಬೇರೆ ಎಲ್ಲಿಂದಲೋ ಇಲ್ಲಿಗೆ ಬಂದವಳು, ಮರಾಠಿಯಲ್ಲಿ ಕೇಳುತ್ತಿದ್ದಳು: ನಿನ್ನದು ಎಲ್ಲಾಯಿತು, ನಿನ್ನನ್ನೂ ಬೇರೆ ಕಡೆಯಿಂದ ಕಳಿಸಿದರಾ?

ರೇಣುಕಾ ಆ ಮಳೆಗಾಲದ ಬಾಜಾರದಲ್ಲಿ ಕಲಿತ ಮರಾಠಿಯಲ್ಲಿ ಉತ್ತರ ಕೊಟ್ಟಳು. "ನಾಹೀ ಬಾಯೀ. ಇಥಂಚ ಝಾಲಂ." ಇಲ್ಲವ್ವಾ, ಇಲ್ಲೇ ಆಯಿತು.

ಆಮೇಲೆ ನನ್ನನ್ನು ಕಂಡಳು. ನಾನು ಬಾಗಿಲಲ್ಲಿ ನಿಂತು ಆ ಮಾತು ಕೇಳಿಸಿಕೊಂಡದ್ದು ಅವಳಿಗೆ ಗೊತ್ತಿತ್ತು. ಆದರೂ ಅದನ್ನು ತನ್ನ ಮಾತಿನಲ್ಲಿ ಇನ್ನೊಮ್ಮೆ ಹೇಳಬೇಕಾಗಿತ್ತು. ಕೂಸಿನ ತಲೆಯ ಮೇಲೆ ಕೈಯಿಟ್ಟು, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದಳು:

"ಅಕ್ಕಾರ, ನನ್ನ ಯಾರೂ ಮುಂದ ಕಳಸ್ಲಿಲ್ರಿ."